ಹೆಸರಿಲ್ಲದವನ ಮಾತು

ಕ್ಲಾರಿಸ್‌ಳ ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆಯೂ ನಂಗಲಾ ಎಂದಿನಂತೆ ಡಬ್ಬಿಯಲ್ಲಿ ಚಹಾಕ್ಕೆ ನೀರಿಟ್ಟಳು. ಕೆಂಡದಲ್ಲಿ ಸುಟ್ಟ ರೊಟ್ಟಿ ಮುರಿದು ಕ್ಲಾರಿಸ್‌ಳ ಮುಂದೆ ಹಿಡಿದಳು.

"ತಿನ್ನು ಮಗಳೇ. ಅಳೋದಕ್ಕೂ ಶಕ್ತಿ ಬೇಕು."

ಕ್ಲಾರಿಸ್‌ಗೆ ಅಳು ಬಂದಿರಲಿಲ್ಲ. ಅದಕ್ಕೆ ನಾಚಿಕೆಪಡಬೇಕೋ ಬೇಡವೋ ಎಂಬುದೂ ತಿಳಿಯಲಿಲ್ಲ. ಆಸ್ಟ್ರೇಲಿಯಾದ ಒಳನಾಡಿನ ಒಣಗಿದ ಹೊಳೆಯೊಂದರ ಮರಳಿನ ಮೇಲೆ, ವಿಧವೆಯರ ಬಿಡಾರದಲ್ಲಿ, ಮೈಗೆ ಸೂತಕದ ಬಿಳಿ ಮಣ್ಣು ಬಳಿದುಕೊಂಡು ಕುಳಿತಿದ್ದಳು. ಹಿರಿಯರು ಬಿಡುಗಡೆ ಕೊಡುವ ತನಕ ಬಾಯಿ ತೆರೆಯುವಂತಿಲ್ಲ. ಹೇಳುವುದೆಲ್ಲ ಕೈಸನ್ನೆಯಲ್ಲೇ. ಸೋದರತ್ತೆ ನಂಗಲಾಳೂ ಗಂಡ ಹೋದಾಗ ಈ ಮೌನ ಹಿಡಿದವಳೇ.

"ನಾನು ಬಾಯಿ ಮುಚ್ಕೊಂಡಿದ್ದ ಆ ದಿನಗಳನ್ನ ಈಗ್ಲೂ ನೆನೆಸ್ಕೋತಾರೆ ಊರೋರು, ಎಷ್ಟು ನೆಮ್ಮದಿಯಾಗಿತ್ತು ಅಂತ," ಎಂದಳು.

ಸಭೆಯ ಶೆಡ್ಡಿನ ಬೀಗದ ಕೈ ಇರುತ್ತಿದ್ದದ್ದು ಸತ್ತವನ ಬಳಿ. ಸತ್ತವನು ಓಡಾಡಿದ ಜಾಗವೆಂದು ಈಗ ಆ ಕಡೆ ಯಾರೂ ಸುಳಿಯುವುದಿಲ್ಲ. ಸುತ್ತಲಿನ ಮನೆಗಳವರೂ ಹಾಸಿಗೆ, ನಾಯಿಗಳ ಸಮೇತ ಹೊಳೆಯ ಈಚೆ ಬಂದುಬಿಟ್ಟಿದ್ದರು.

ವಿಮಾನದ ಸದ್ದು ಕೇಳಿದ ಮೇಲೆ ಕ್ಲಾರಿಸ್‌ಗೆ ನೆನಪಾಯಿತು. ಭೂಮಿ ಹಕ್ಕಿನ ಕಾನೂನನ್ನು ತಿದ್ದಲು ಹೊರಟ ಸರ್ಕಾರದವರು ಊರಿನ ಅಭಿಪ್ರಾಯ ಕೇಳಲು ಬರುವ ದಿನ ಇವತ್ತು. ಆಕ್ಷೇಪ ಹೇಳದ ಊರು ಒಪ್ಪಿದ ಹಾಗೆ. ಡಾರ್ವಿನ್ ನಗರದಲ್ಲಿ ಕಾನೂನು ಓದಿದವಳು ಅವಳು. ಆದರೆ ಊರಿನ ಪರವಾಗಿ ಮಾತಾಡಬೇಕಾಗಿದ್ದವನು ಅವಳ ಗಂಡ. ಅವಳು ಕಲಮುಗಳನ್ನು ಓದಿ ಹೇಳಿದರೆ, ಅವನು ಲಾರಿಯ ಅಡಿಯಲ್ಲಿ ಮಲಗಿ ನಟ್ಟು ಬಿಗಿಯುತ್ತ ಅವನ್ನು ಊರಿಗೆ ಅರ್ಥವಾಗುವ ಮಾತಿಗೆ ತರುತ್ತಿದ್ದ.

ಶೆಡ್ಡಿನಲ್ಲಿ ಯಾರೂ ಇಲ್ಲವೆಂದು ಬರೆದುಕೊಂಡು ಹೊರಟುಹೋಗುತ್ತಾರೆ ಎಂದು ಅವಳು ಕೈಯಲ್ಲಿ ಹೇಳಿದಳು.

"ಇಲ್ಲಿಗೆ ಬರ್ಲಿ. ಸಾವಾಗಿದೆ ಅಂತ ಗೊತ್ತಾಗಲ್ವಾ ಅವರಿಗೆ?"

ಗೊತ್ತಾಗುವುದಿಲ್ಲ, ಎಂದಿತು ಅವಳ ಕೈ.

"ಓದಿದೋರು," ಎಂದು ನಂಗಲಾ ಚಹಾದ ಚರಟ ಚೆಲ್ಲಿದಳು. "ನಿನ್ನನ್ನ ಬಿಟ್ಟು. ಅಥವಾ ಸೇರಿಸಿಯೇ ಅನ್ನು."

ಕ್ಲಾರಿಸ್‌ಳ ತಲೆ ಮಂಜು ಕವಿದಂತಿತ್ತು. ಸತ್ತವನ ಹೆಸರು ಎತ್ತಬಾರದು, ಅದು ಗೊತ್ತು. ಅವನ ಮಾತನ್ನು? ಅವನು ಕಟ್ಟಿಟ್ಟು ಹೋದ ವಾಕ್ಯಗಳನ್ನು ಇನ್ನೊಬ್ಬರು ಆಡಬಹುದೇ? ಅತ್ತೆಯನ್ನು ಕೇಳಿದಳು.

ನಂಗಲಾ ಮರಳು ಕೆದಕಿದಳು. "ನನಗೇನು ಗೊತ್ತು? ನಮ್ಮ ಕಾಲದ ಗಂಡಸರು ಸಾಯೋವಾಗ ನಾಯಿ ಬಿಟ್ಟು ಹೋಗೋರು. ಮಾತು ಬಿಟ್ಟು ಹೋದೋನು ಇವನೊಬ್ಬನೇ." ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದಳು. "ಶೆಡ್ಡಿಗಂತೂ ಹೋಗಲ್ಲ. ವಿಮಾನದ ಹತ್ರ ಕೂತ್ಕೊಳ್ಳೋಣ. ತಮ್ಮೂರಿಗೆ ವಾಪಸ್ ಹೋಗ್ಬೇಕಾದ್ರೆ ಅಲ್ಲಿಗೇ ಬರ್ಬೇಕಲ್ಲ ಅವ್ರು."

ಬಿಡಾರದ ಹೆಂಗಸರೆಲ್ಲ ಹೋಗಿ ವಿಮಾನದ ರೆಕ್ಕೆಯ ನೆರಳಿನಲ್ಲಿ ಕುಳಿತರು. ಪೈಲಟ್ ಟೋಪಿ ತೆಗೆದು ದೂರ ನಿಂತ. ಕೊನೆಗೆ ಅಧಿಕಾರಿ ಬೆವರು ಒರೆಸುತ್ತ ಶೆಡ್ಡಿನಿಂದ ಬಂದ.

"ಅಷ್ಟು ಹೊತ್ತು ಕಾದೆ, ಬೀಗ ಹಾಕಿತ್ತು. ಊರಿನ ಪರವಾಗಿ ಮಾತಾಡೋರು—" ಎಂದು ಸತ್ತವನ ಹೆಸರನ್ನು ಪೂರ್ತಿಯಾಗಿ, ಸ್ಪಷ್ಟವಾಗಿ ಹೇಳಿದ.

ಎಲ್ಲ ತಲೆಗಳೂ ಬಗ್ಗಿದವು. ಯಾರೋ ನರಳಿದರು. ಆ ಹೆಸರು ಕ್ಲಾರಿಸ್‌ಳ ಕಿವಿಗೆ ಯಾರೋ ಅಪರಿಚಿತನದ್ದೆಂಬಂತೆ ಕೇಳಿಸಿತು.

"ಆ ಹೆಸರು ಈಗ ಇಲ್ಲ," ಎಂದಳು ನಂಗಲಾ. "ಇವಳು ಹೇಳ್ತಾಳೆ. ಕೂತ್ಕೊ."

ಇನ್ನೂ ಏನೂ ನಿರ್ಧರಿಸಿರದ ಕ್ಲಾರಿಸ್‌ಳ ಕೈ ಮೇಲೆದ್ದಿತ್ತು. ಬೆರಳುಗಳು ತಿರುಗಿದವು, ಮಡಚಿಕೊಂಡವು. ಅವನ ಮಾತೆಲ್ಲಿ ಮುಗಿದು ತನ್ನದೆಲ್ಲಿ ಶುರುವಾಯಿತೋ ಅವಳಿಗೇ ಗೊತ್ತಾಗಲಿಲ್ಲ. ನಂಗಲಾ ಅದನ್ನು ನೋಡುತ್ತ ಗಟ್ಟಿಯಾಗಿ ಹೇಳುತ್ತ ಹೋದಳು.

"ಈಗ ಗಣಿಯವರು ನಮ್ಮನ್ನ ಕೇಳ್ಬೇಕು. ನಾವು ಬೇಡ ಅಂದ್ರೆ ಬೇಡ. ನೀವು ತಿದ್ದಿದ ಮೇಲೂ ಕೇಳ್ತಾರೆ, ಆದ್ರೆ ನಾವು ಬೇಡ ಅಂದ್ರೂ ತೋಡ್ತಾರೆ. ಹಾಗಾದ್ರೆ ಅದು ಕೇಳೋದಲ್ಲ, ಬರ್ತಿದೀವಿ ಅಂತ ಹೇಳೋದು. ನಮ್ಮ ಹಳೇ ಕತೇಲಿ ಮಳೆ ಹುಟ್ಟಿದ ನೆಲ ಅದು, ನಮ್ಮ ಅಪ್ಪಂದಿರದ್ದು. ನಾವು ಒಪ್ಪಲ್ಲ." ಕೊನೆಗೆ ಸೇರಿಸಿದಳು: "ಮುಂದಿನ ಸಲ ನೀರು ತಗೊಂಡು ಬನ್ನಿ, ಬಾಯಿ ಒಣಗಿದೆ. ಇದು ಇವಳು ಹೇಳಿದ್ದಲ್ಲ, ನಾನು."

ಅಧಿಕಾರಿ ಪೆನ್ನು ಹಿಡಿದೇ ಇದ್ದ. "ಇದು ಯಾರ ಹೇಳಿಕೆ ಅಂತ ಬರೀಲಿ?"

"ಇವಳು ಹೇಳಿದ್ಳು, ನಂಗಲಾ ಕೂಗಿದ್ಳು ಅಂತ ಬರಿ. ಆಕ್ಷೇಪ ಇದೆ ಅಂತ ಮೊದ್ಲು ಬರಿ."

ಬರೆದುಕೊಂಡ. ಅದನ್ನು ಓದಿಸಿ ಕೇಳಿದ ಮೇಲೆಯೇ ನಂಗಲಾ ನೆರಳಿನಿಂದ ಎದ್ದದ್ದು.

ಆಗ ಪೈಲಟ್ ಹತ್ತಿರ ಬಂದ. ಹೆಸರು ಎತ್ತದಂತೆ ತಡವರಿಸಿದ. "ನಂಗಲಾ, ಹೋದ ಸಲ ಇವರ ಯಜಮಾನರು... ಟೈರಿಗೆ ಗಾಳಿ ಹಾಕೋ ನನ್ನ ಪಂಪು ತಗೊಂಡಿದ್ರು. ಕೇಳೋ ಹೊತ್ತಲ್ಲ ಇದು. ಬೇಡ ಅಂದ್ರೆ ಬಿಡಿ."

ಸತ್ತವನ ಕಾರು, ಅದರಲ್ಲಿರುವುದೆಲ್ಲ, ಪದ್ಧತಿಯಂತೆ ಅವನ ಸೋದರಮಾವಂದಿರ ಪಾಲಿಗೆ ಹೋಗಬೇಕಾದದ್ದು. ತಾನು ಮುಟ್ಟಬಹುದೇ? ಕ್ಲಾರಿಸ್ ಅತ್ತೆಯ ಮುಖ ನೋಡಿದಳು.

"ಇವನು ಕೇಳಿದಾನೆ," ಎಂದಳು ನಂಗಲಾ. "ಕೊಡೋದು ಬಿಡೋದು ನಿಂದು."

ಕ್ಲಾರಿಸ್ ಕಾರಿನ ಹತ್ತಿರ ಹೋಗಿ ಡಿಕ್ಕಿ ತೆರೆದಳು. ಹಗ್ಗದ ಅಡಿಯಲ್ಲಿದ್ದ ಪಂಪನ್ನು ಎಳೆದಳು. ವಾಪಸ್ಸು ಬಂದು, ಅದರ ಕೊಳವೆಯನ್ನು ನಿಧಾನವಾಗಿ ಸುತ್ತಿ, ಪೈಲಟ್‌ನ ಕೈಗಿಟ್ಟಳು.