ಬಲಗಡೆಯ ಪೆಟ್ಟಿಗೆ

ನಮ್ಮೂರಿನ ಕ್ರೈಸ್ತ ದೇವಾಲಯದ ಬಾಗಿಲಲ್ಲಿ ಎರಡು ಮರದ ಪೆಟ್ಟಿಗೆಗಳಿದ್ದವು. ಕಷ್ಟದಲ್ಲಿರುವವರ ಹೆಸರಿನ ಚೀಟಿ ಎಡಗಡೆಯದಕ್ಕೆ, ಕಷ್ಟ ಕಳೆದವರದು ಬಲಗಡೆಯದಕ್ಕೆ. ಹೆಸರಷ್ಟೇ ಬರೆಯುವುದು ವಾಡಿಕೆ. "ವಿವರ ಎಲ್ಲಾ ದೇವರಿಗೆ ಗೊತ್ತು, ಊರಿಗೆ ಯಾಕೆ?" ಎನ್ನುತ್ತಿದ್ದಳು ಅಜ್ಜಿ. ಭಾನುವಾರ ಪಾದ್ರಿ ಅಯ್ಯನವರು ಎಡಗಡೆಯ ಹೆಸರುಗಳನ್ನು ಓದಿದಾಗ ಸಭೆ ಮೊಣಕಾಲೂರಿ ಪ್ರಾರ್ಥಿಸುತ್ತಿತ್ತು. ಬಲಗಡೆಯವನ್ನು ಓದಿದಾಗ ಎದ್ದು ನಿಂತು ಸ್ತೋತ್ರ ಹಾಡುತ್ತಿತ್ತು.

ಜ್ವರ ಬಂದ ವರ್ಷ ಹಾಡು ನಿಂತುಹೋಯಿತು. ಆರು ವಾರ ಬಲಗಡೆಯ ಪೆಟ್ಟಿಗೆಗೆ ಒಂದು ಚೀಟಿಯೂ ಬೀಳಲಿಲ್ಲ. ಏಳನೆಯ ವಾರ ನನ್ನ ಅಮ್ಮ ಸಲೋಮಿಯನ್ನು ದೋಣಿಯಲ್ಲಿ ಮಲಗಿಸಿ ಹೊಳೆಯಾಚೆಯ ಆಸ್ಪತ್ರೆಗೆ ಒಯ್ದರು. ನನಗಾಗ ಎಂಟು ವರ್ಷ. ಅಂದಿನಿಂದ ಜನ ಮೂಗಿಗೆ ಸೆರಗೊತ್ತಿಕೊಂಡು ನಮ್ಮ ಬಾಗಿಲನ್ನು ದಾಟತೊಡಗಿದರು.

"ಗಂಟೆಗೊಮ್ಮೆ ಎರಡು ಚಮಚ ಗಂಜಿ ಒಳಗೆ ಹೋದ್ರೆ ಉಳೀತಾಳೆ, ಇಲ್ದಿದ್ರೆ ಇಲ್ಲ" ಎಂದಿದ್ದಳಂತೆ ದಾದಿ. "ನೀವೊಬ್ರೇ ಎಷ್ಟು ದಿನ ಕೂರ್ತೀರಿ?" ಅಪ್ಪ ಐದು ದಿನ ಕೂತ. ಆರನೆಯ ದಿನ ಚಮಚ ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದನೆಂದು ದೋಣಿಯವನು ಬಂದು ಹೇಳಿದ. ಅಜ್ಜಿಯ ಕಾಲುಗಳು ಊದಿ ಹೊಸಿಲು ದಾಟುವಂತಿರಲಿಲ್ಲ. ಅವಳು ಅಮ್ಮನ ಹೆಸರು ಬರೆದು ಚೀಟಿಯನ್ನು ನನ್ನ ಕೈಗಿತ್ತಳು.

ಎಡಗಡೆಯ ಪೆಟ್ಟಿಗೆ ಬಾಯಿತನಕ ತುಂಬಿತ್ತು. ತುರುಕಿದರೆ ಅಮ್ಮನ ಚೀಟಿ ಹರಿಯುತ್ತಿತ್ತು. ಇಷ್ಟೊಂದು ಹೆಸರುಗಳ ನೂಕುನುಗ್ಗಲಲ್ಲಿ ಅಮ್ಮ ದೇವರಿಗೆ ಕಾಣುವುದಾದರೂ ಹೇಗೆ? ಅಜ್ಜಿಯ ಕತೆಗಳಲ್ಲಿ ದೇವರು ಯಾವಾಗಲೂ ಯಾರೂ ಹೋಗದ ಮನೆಗೇ ಮೊದಲು ಹೋಗುತ್ತಿದ್ದ. ನಾನು ಚೀಟಿಯನ್ನು ಖಾಲಿ ಪೆಟ್ಟಿಗೆಗೆ ಹಾಕಿದೆ.

ಮರುದಿನ ಭಾನುವಾರ. ಅಯ್ಯನವರು ಬಲಗಡೆಯದರಲ್ಲಿ ಕೈಯಾಡಿಸಿ ಒಂದು ಚೀಟಿ ಹೊರತೆಗೆದರು. "ಸಲೋಮಿ" ಎಂದು ಗಟ್ಟಿಯಾಗಿ ಓದಿದರು. ಸಭೆ ದಡಬಡಿಸಿ ಎದ್ದಿತು. ಆರು ವಾರದ ಹಾಡೆಲ್ಲ ಒಮ್ಮೆಗೇ ಹೊರಬಂದಂತಿತ್ತು. ಹಿಂದಿನ ಬೆಂಚಿನಲ್ಲಿ ಒಂಟಿಯಾಗಿದ್ದ ನಾನೂ ಹಾಡಿದೆ. ಹಾಡು ಮುಗಿಯುವ ಹೊತ್ತಿಗೆ ಅಮ್ಮ ಗುಣವಾಗಿದ್ದಾಳೆಂದು ನಾನೇ ನಂಬಿಬಿಟ್ಟಿದ್ದೆ.

ಮಧ್ಯಾಹ್ನ ಪಕ್ಕದ ಬೀದಿಯ ದೊರ್ಕಮ್ಮ, ಹಿಂದೆ ಮೂವರು ಹೆಂಗಸರನ್ನು ಕಟ್ಟಿಕೊಂಡು, ಕೋಳಿಸಾರಿನ ಪಾತ್ರೆ ಹಿಡಿದು ಒಳಗೆ ಬಂದಳು.

"ಎಲ್ಲಿ ನಿನ್ನ ಸೊಸೆ? ಎದ್ದು ಬಂದ್ಲಂತಲ್ಲ, ಒಂದು ಮಾತು ಹೇಳಬಾರ್ದಾ?"

"ಯಾರೇ ಹೇಳಿದ್ದು?" ಎಂದಳು ಅಜ್ಜಿ. "ಅವಳಿನ್ನೂ ಆಸ್ಪತ್ರೆಯಲ್ಲೇ ಇದಾಳೆ. ಇವತ್ತು ಗಂಜೀನೂ ಇಳೀತಿಲ್ವಂತೆ."

ಹೆಂಗಸರ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಒಬ್ಬಳು ಹೊಸಿಲ ತನಕ ಹಿಂದೆ ಸರಿದಳು. ನಾನು ಅಳುತ್ತ ಪೆಟ್ಟಿಗೆಯ ಸಂಗತಿ ಹೇಳಿದೆ.

"ಅಯ್ಯೋ, ಸ್ತೋತ್ರದಲ್ಲೇ ಸುಳ್ಳಾ!" ಎಂದಳು ಸರಿದವಳು.

ಅಜ್ಜಿ ನನ್ನನ್ನು ಬಳಿಗೆಳೆದುಕೊಂಡಳು. "ಸುಳ್ಳಲ್ಲ, ತಪ್ಪು. ಬೈಬಲಲ್ಲಿ ಸ್ವಾಮಿಯ ಸಮಾಧಿಗೆ ಹೋದ ಹೆಂಗಸರು ಏನು ತಿಳ್ಕೊಂಡು ಹೋದ್ರೇ? ಸ್ವಾಮಿ ಸತ್ತೇಹೋದ ಅಂತ ಹೆಣಕ್ಕೆ ಹಚ್ಚೋ ಸುಗಂಧ ಹೊತ್ಕೊಂಡು ಹೋದ್ರು. ಅವರು ತಿಳಿದದ್ದೂ ತಪ್ಪೇ. ಆದ್ರೂ ಅವನು ಎದ್ದು ಬಂದ ಸುದ್ದಿ ಮೊದಲು ಸಿಕ್ಕಿದ್ದು ಅವರಿಗೇ, ಬಾಗಿಲು ಹಾಕ್ಕೊಂಡು ಒಳಗೆ ಕೂತ ಗಂಡಸರಿಗಲ್ಲ. ನೀವು ತಪ್ಪು ತಿಳ್ಕೊಂಡೇ ಬಂದಿದೀರಿ. ಬಂದ್ರಲ್ಲ, ಅಷ್ಟು ಸಾಕು. ಹೋಗೋದಾದ್ರೆ ಹೋಗಿ, ನನಗೇನೂ ಬೇಜಾರಿಲ್ಲ."

ದೊರ್ಕಮ್ಮ ಪಾತ್ರೆಯ ಮುಚ್ಚಳವನ್ನು ಒತ್ತಿ ಭದ್ರ ಮಾಡಿದಳು.

"ಸಾರು ಆರೋಗುತ್ತೆ. ಆಚೆಗೆ ದೋಣಿ ಎಷ್ಟು ಹೊತ್ತಿಗೆ?"

ಆ ಸಂಜೆ ಅಪ್ಪ ಆಸ್ಪತ್ರೆಯ ಜಗಲಿಯಲ್ಲಿ, ಆರು ದಿನಗಳಲ್ಲಿ ಮೊದಲ ಸಲ, ಕಾಲುಚಾಚಿ ಮಲಗಿದನಂತೆ. ದೊರ್ಕಮ್ಮ ಚಮಚ ಹಿಡಿದು, "ಬಾಯಿ ತೆಗೀತೀಯೋ, ಮೂಗು ಹಿಡೀಲೋ?" ಎಂದು ಅಮ್ಮನನ್ನು ಗದರಿಸುತ್ತಿದ್ದಳಂತೆ. ಮರುದಿನ ಇನ್ನೊಬ್ಬಳು ಹೋದಳು. ಮೂರನೆಯ ದಿನ, ಹೊಸಿಲ ತನಕ ಸರಿದಿದ್ದವಳೂ.

ನಾನು ಅಯ್ಯನವರಿಗೆ ತಪ್ಪೊಪ್ಪಿಕೊಂಡೆ. ಅವರು ಮುಂದಿನ ಭಾನುವಾರ ಎರಡೂ ಪೆಟ್ಟಿಗೆಗಳ ಚೀಟಿಗಳನ್ನು ಒಂದೇ ಬಟ್ಟಲಿಗೆ ಸುರಿದು ಓದಿದರು. ಯಾವ ಹೆಸರಿಗೆ ಮೊಣಕಾಲೂರಬೇಕೆಂದು ತಿಳಿಯದೆ ಸಭೆ ಎಲ್ಲ ಹೆಸರಿಗೂ ಎದ್ದು ಹಾಡಿತು. ಆ ಹೆಸರಿನವರಲ್ಲಿ ಕೆಲವರು ಆಮೇಲೆ ತೀರಿಕೊಂಡರು. ಅವರಿಗಾಗಿ ಹಾಡಿದ್ದು ವ್ಯರ್ಥವಾಯಿತೆಂದು ಅವರ ಮನೆಯವರು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಹದಿನೆಂಟನೆಯ ದಿನ ಅಮ್ಮ ಬಂದಳು. ತಲೆ ಬೋಳಿಸಿದ್ದರು, ಕುಪ್ಪಸ ಭುಜದಿಂದ ಜಾರುತ್ತಿತ್ತು. ಅಪ್ಪ ತೋಳು ಕೊಡಲು ಹೋದರೆ, "ಬಿಡಿ, ನಡೀತೀನಿ" ಎಂದಳು. ಬಾಗಿಲಲ್ಲಿ ಚೊಂಬಿನ ನೀರಿನಿಂದ ತಾನೇ ಕಾಲು ತೊಳೆದುಕೊಂಡು, ಒರೆಸದೆ, ನೆಟ್ಟಗೆ ಅಡಿಗೆಮನೆಗೆ ನಡೆದಳು. ಕೆಂಪು ನೆಲದ ಮೇಲೆ ಒದ್ದೆ ಹೆಜ್ಜೆಗಳು ಸಾಲಾಗಿ ಮೂಡಿದವು. ನಾನು ಹಿಂದೆ ಓಡಹೊರಟರೆ ಅಜ್ಜಿ ಕೈ ಅಡ್ಡ ಹಿಡಿದಳು.

"ತುಳೀಬೇಡ" ಎಂದಳು.

ಅವು ಒಂದೊಂದಾಗಿ ಆರುವ ತನಕ ನಾವೆಲ್ಲ ಗೋಡೆಗೊರಗಿ ನಿಂತಿದ್ದೆವು.