ಹೇರ್ ಡ್ರೈಯರ್ ಕೆಳಗಿನ ಹೆಬ್ಬಾವು

ಕ್ಷೌರಿಕನ ಹೆಂಡತಿಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡ ಅವಳನ್ನು ಒಂದು ಮಾತೂ ಕೇಳದೆ ಅಂಗಡಿಗೆ ಹೆಬ್ಬಾವಿನ ಮರಿ ತಂದಿದ್ದ. ಬಾಲ್ ಪೈಥಾನ್ ಅಂತೆ, ವಿಷವಿಲ್ಲವಂತೆ. ಗಿರಾಕಿಗಳು ಕಟಿಂಗ್ ಮರೆತು, ಅದನ್ನು ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನಂತೂ ಅದನ್ನು ಟವೆಲ್ಲಿನ ಹಾಗೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಹಾಕುತ್ತಿದ್ದ.

ಬಂದ ದಿನದಿಂದ ಹಾವು ಏನನ್ನೂ ತಿಂದಿರಲಿಲ್ಲ.

“ಚಳಿ ಆಗಿರ್ಬೇಕು ಕಣೇ,” ಎಂದು ಗಂಡ ಹೇರ್ ಡ್ರೈಯರ್ ಹಚ್ಚಿ ಅದರ ಮೈಗೆ ಹಿಡಿದ. ಹಾವು ತಲೆಯನ್ನು ಸುರುಳಿಯೊಳಗೆ ಹುದುಗಿಸಿ ಚೆಂಡಾಯಿತು. “ನೋಡು, ಹಾಯಾಗಿ ಮಲಗ್ತು!”

“ಹಾಯಾಗಿ ಅಂತೆ ಹಾಯಾಗಿ! ಸಂಜೆಯೊಳಗೆ ಇದು ತೊಲಗ್ಬೇಕು ರೀ. ಇಲ್ಲಾಂದ್ರೆ ನಾನೇ ಹಿಂದಿನ ಮೋರಿಗೆ ಬಿಟ್ಟು ಬರ್ತೀನಿ!”

ಗಲಾಟೆ ಕೇಳಿ ಮಹಡಿ ಮನೆಯ ಪ್ರಾಣಿವೈದ್ಯೆ ಇಳಿದು ಬಂದಳು. ಬಂದವಳೇ ಡ್ರೈಯರಿನ ಪ್ಲಗ್ ಕಿತ್ತಳು.

“ಅಣ್ಣಾ, ಬುದ್ಧಿ ಇದೆಯಾ ನಿಮ್ಗೆ? ಅದು ಮಲಗಿಲ್ಲ, ಹೆದರಿ ಮುದುಡಿಕೊಂಡಿದೆ. ಹೊಸ ಜಾಗಕ್ಕೆ ಬಂದ ಹಾವನ್ನ ಒಂದು ವಾರವಾದ್ರೂ ಮುಟ್ಟಬಾರ್ದು. ನೀವು ಊರಿಗೆಲ್ಲ ಹಂಚ್ತಾ ಇದೀರಿ!”

“ಬಿಸಿ ಬೇಕು ಅಂತ ಮಾರಿದವನೇ ಹೇಳ್ದ…”

“ಹೀಗಲ್ಲ! ಹಾವನ್ನ ಇಡೋ ಪೆಟ್ಟಿಗೆಯ ಒಂದು ಕಡೆ ಬೆಚ್ಚಗಿರ್ಬೇಕು, ಇನ್ನೊಂದು ಕಡೆ ತಂಪು. ಎಲ್ಲಿರ್ಬೇಕು ಅಂತ ಹಾವೇ ನೋಡ್ಕೊಳ್ಳುತ್ತೆ. ಬಿಸಿ ಮಿತಿ ಮೀರದ ಹಾಗೆ ಹೀಟರಿಗೆ ಥರ್ಮೋಸ್ಟಾಟ್ ಇರ್ಲೇಬೇಕು. ಎರಡೂ ಕಡೆ ಅಡಗೋಕೆ ಗೂಡು, ಕುಡಿಯೋಕೆ ನೀರು, ಭದ್ರವಾದ ಮುಚ್ಚಳ. ಇನ್ನು ಅತ್ತಿಗೆ, ನೀವು ಮೋರಿಗೆ ಬಿಟ್ರೆ ಅದೂ ಕೊಂದ ಹಾಗೇ.”

ವೈದ್ಯೆ ಸುರುಳಿಯನ್ನು ಮೆಲ್ಲಗೆ ಸರಿಸಿದಳು. ಪಕ್ಕೆಯಲ್ಲಿ ಚರ್ಮ ಕೆಂಪಾಗಿ ಬೊಕ್ಕೆ ಎದ್ದಿತ್ತು. ಅದನ್ನು ನೋಡಿದ್ದೇ ತಡ, ಹಾವಿನ ಮೇಲಿದ್ದ ಹೆಂಡತಿಯ ಸಿಟ್ಟೆಲ್ಲ ಗಂಡನ ಕಡೆ ತಿರುಗಿತು.

“ಸುಟ್ಟಿದೀರಲ್ರೀ ಅದನ್ನ! ಕಿರುಚೋಕೂ ಬರಲ್ಲ ಅದಕ್ಕೆ!”

ಅವಳೇ ವೈದ್ಯೆ ಹೇಳಿದಂಥ ಪೆಟ್ಟಿಗೆ ಹೊಂದಿಸಿ, ಹಾವನ್ನು ಅದರಲ್ಲಿಟ್ಟು ಸದ್ದಿಲ್ಲದ ಒಳಕೋಣೆಗೆ ಸೇರಿಸಿದಳು, ವೈದ್ಯೆ ಕೊಟ್ಟ ಮುಲಾಮು ಹಚ್ಚಿದಳು. ಮರುದಿನ ಒಬ್ಬ ಗಿರಾಕಿ ಮೊಬೈಲ್ ಹಿಡಿದು, “ಅಕ್ಕಾ, ಒಂದೇ ಒಂದು ಫೋಟೋ…” ಎಂದ.

“ಕಟಿಂಗ್ ಬೇಕಾದ್ರೆ ಕೂತ್ಕೋ. ಹಾವು ಬೇಕಾದ್ರೆ ಬಾಗಿಲು ಆ ಕಡೆ!”

ಗಂಡ ಜೀವಂತ ಇಲಿ ಹಿಡಿದು ತಂದಾಗ ವೈದ್ಯೆ ಅದಕ್ಕೂ ಬೈದಳು. “ಇಲೀನೇ ಹಾವನ್ನ ಕಚ್ಚಿಬಿಡುತ್ತೆ! ಫ್ರೀಜ್ ಮಾಡಿ ಮಾರೋ ಇಲಿ ತನ್ನಿ. ಪೂರ್ತಿ ಕರಗಿಸಿ, ಬೆಚ್ಚಗೆ ಮಾಡಿ, ಚಿಮಟದಲ್ಲಿ ಹಿಡೀರಿ. ತಿನ್ನದಿದ್ರೆ ಬಲವಂತ ಬೇಡ.”

ಗಾಯ ಮಾಯಿತು. ಒಂದು ಸಂಜೆ ಹೆಂಡತಿ ಹಿಡಿದ ಚಿಮಟದಿಂದ ಹಾವು ಇಲಿಯನ್ನು ಲಬಕ್ಕನೆ ಎಳೆದುಕೊಂಡಿತು. ಗಂಡ ಖುಷಿಯಲ್ಲಿ ಮೈ ಸವರಲು ಕೈ ಚಾಚಿದ.

“ಮುಟ್ಟಿ, ನೋಡೋಣ! ಊಟ ಮಾಡಿದ ಮೇಲೆ ಎರಡು ದಿನ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ನಿಮ್ಮನ್ನೇ ಡ್ರೈಯರ್ ಕೆಳಗೆ ಕೂರಿಸ್ತೀನಿ!”

ಗಂಡ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತ.

ಓದುತ್ತಿರುವವರೇ, ಹಾವು ಸಾಕಲು ಕಾನೂನಿನ ಅನುಮತಿ ಇದೆಯೇ ಎಂದು ಮೊದಲು ವಿಚಾರಿಸಿ. ಪೆಟ್ಟಿಗೆ ಸಿದ್ಧವಾದ ಮೇಲೆಯೇ ಹಾವು ತನ್ನಿ. ಅಷ್ಟು ತಾಳ್ಮೆ ಇಲ್ಲವೇ? ತರಲೇಬೇಡಿ. ಈಗಾಗಲೇ ತಂದು ಹೆಗಲ ಮೇಲೆ ಹಾಕಿಕೊಂಡಿದ್ದೀರಾ? ಈ ಕಥೆ ಆಮೇಲೆ ಓದುವಿರಂತೆ, ಮೊದಲು ಅದನ್ನು ಅದರ ಗೂಡಿಗೆ ಬಿಡಿ.