ಅಂಗಳದ ಕುರ್ಚಿ

ಹೆಣದ ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹಿಂದೆ ಹೊತ್ತವರು ತಳ್ಳಿದರು, ಮುಂದಿನವರು ಓರೆ ಮಾಡಿ ನೋಡಿದರು. ಪೆಟ್ಟಿಗೆಯ ಮೂಲೆ ಗೋಡೆಯ ಮಣ್ಣು ಕೆರೆದು ಅಲ್ಲೇ ನಿಂತಿತು.

"ಸುಮ್ನಿರ್ರೋ, ತಳ್ಳಬೇಡಿ," ಎಂದ ಮುದುಕ ಗಾಸ್ಪಾರ್. ಸತ್ತವನ ಬಾಲ್ಯದ ಗೆಳೆಯ. "ಮನೆಯೋರು ಒಂದು ಮಾತು ಹೇಳ್ದೆ ಈ ಸಿರಿಯಾಕೊ ಯಾವತ್ತು ಹೊಸಿಲು ದಾಟಿದಾನೆ? ರುತಿಲಿಯಾ, ನೀನಾದ್ರೂ ಹೇಳವ್ವ."

ಹೆಂಗಸರಲ್ಲಿ ಒಬ್ಬಿಬ್ಬರು ಮುಸುಕಿನೊಳಗೇ ನಕ್ಕರು. ಮಗಳು ರುತಿಲಿಯಾ ನಗಲಿಲ್ಲ. ಮೊಳೆಗೆ ನೇತುಹಾಕಿದ್ದ ಅಪ್ಪನ ಹುಲ್ಲಿನ ಟೋಪಿಯನ್ನು ತೆಗೆದುಕೊಂಡಳು. ಪೆಟ್ಟಿಗೆಯ ಮೇಲೆ ಕೈಯಿಟ್ಟು, "ನಡಿ ಅಪ್ಪಾ," ಎಂದಳು. ಪೆಟ್ಟಿಗೆ ಹೊರಬಂತು.

ಸಿರಿಯಾಕೊನ ಕಸುಬು ಆಳು ಕರೆಯುವುದು. ಕಾಫಿ ಹಣ್ಣಾಗುವ ಕಾಲಕ್ಕೆ ಕುಚುಮತಾನೆಸ್ ಬೆಟ್ಟದ ಹಳ್ಳಿಗಳಿಂದ ಕೊಯ್ಲಿನವರನ್ನು ಒಪ್ಪಿಸಿ, ಕೆಳಗಿನ ತೋಟಗಳ ಲಾರಿ ಹತ್ತಿಸುತ್ತಿದ್ದ. ಬೇರೆಯವರು ಸಂತೆಯಲ್ಲಿ ಮೈಕು ಕಟ್ಟಿ ಕೂಗುತ್ತಿದ್ದರು. ಇವನು ಮನೆಮನೆಗೆ ನಡೆದು ಹೋಗಿ ಅಂಗಳದಲ್ಲಿ ಟೋಪಿ ತೆಗೆದು ನಿಲ್ಲುವನು. ಮನೆಯ ತಾಯಿ ಕುರ್ಚಿ ತಂದಿಟ್ಟರೆ ಕೂರುವನು. ಕೊಟ್ಟ ಕಾಫಿ ಕುಡಿದು, ಜೋಳ ಹೇಗಿದೆ, ಹಂದಿ ಮರಿ ಹಾಕಿತೇ ಎಂದೆಲ್ಲ ವಿಚಾರಿಸಿದ ಮೇಲೆ ಕಡೆಗೆ ಕೆಲಸದ ಮಾತು. ಅದೂ ತಾಯಿಯ ಹತ್ತಿರವೇ. ಕುರ್ಚಿ ಬಾರದಿದ್ದರೆ ಟೋಪಿ ಹಾಕಿಕೊಂಡು ಮುಂದಿನ ಮನೆಗೆ.

ಆ ಊರಿನಲ್ಲಿ ಹೆಣ ನೇರವಾಗಿ ಮಣ್ಣಿಗೆ ಹೋಗುವುದಿಲ್ಲ. ದಾರಿಯ ಮನೆಗಳವರು ಅಂಗಳದಲ್ಲಿ ಬೆಂಚೋ ಕುರ್ಚಿಗಳೋ ಇಟ್ಟು ಕಾಯುತ್ತಾರೆ. ಪೆಟ್ಟಿಗೆ ಅಲ್ಲಿ ತಂಗುತ್ತದೆ. ಒಂದು ಪ್ರಾರ್ಥನೆ, ಹೊತ್ತವರಿಗೆ ಒಂದು ಗುಟುಕು. ಬಾಗಿಲು ಹಾಕಿಕೊಂಡ ಮನೆಯ ಮುನಿಸು ಮಾತ್ರ ಸತ್ತವನ ಜೊತೆ ಮಣ್ಣು ಸೇರುತ್ತದೆ, ಆಮೇಲೆ ಅದನ್ನು ಬಿಡಿಸುವವರಿಲ್ಲ ಎಂದು ಅಲ್ಲಿಯವರ ನಂಬಿಕೆ.

ಪೆಟ್ಟಿಗೆ ಮೊದಲು ತಂಗಿದ ಅಂಗಳದಲ್ಲಿ ಆ ಮನೆಯಾಕೆ ಕಣ್ಣೊರೆಸಿಕೊಂಡು ಹೇಳಿದಳು: "ನಮ್ಮ ನಾಯಿ ನನ್ನ ಗಂಡನಿಗೆ ಬೊಗಳ್ತಿತ್ತು, ನಿಮ್ಮಪ್ಪಂಗೆ ಬಾಲ ಆಡಿಸ್ತಿತ್ತು ಕಣೆ."

"ನಿನ್ನ ಗಂಡ ಮನೆಗೆ ಬರೋ ಸ್ಥಿತಿ ನೋಡಿದ್ರೆ ಯಾವ ನಾಯಿ ತಾನೆ ಗುರುತು ಹಿಡೀತದೆ," ಎಂದ ಗಾಸ್ಪಾರ್.

ರುತಿಲಿಯಾ ಅವನನ್ನು ಪಕ್ಕಕ್ಕೆ ಕರೆದಳು. "ಚಿಕ್ಕಪ್ಪಾ, ತೊಮಾಸಾ ಬಾಗಿಲು ತೆಗೀತಾಳಾ?"

ತೊಮಾಸಾಳದು ಏರಿನ ತುದಿಯಲ್ಲಿ, ಸ್ಮಶಾನಕ್ಕೆ ಮೊದಲಿನ ಕೊನೆಯ ಮನೆ.

"ಅವಳ ಮಗ ಮತೆಯೊ ಹೆಗಲು ಕೊಟ್ಟಿದಾನಲ್ಲ," ಎಂದಳು ರುತಿಲಿಯಾ ತಾನೇ ಮತ್ತೆ.

"ಮಗ ಬಂದ್ರೆ ತಾಯಿ ಬಂದಂಗಲ್ಲವ್ವ. ನಿಮ್ಮಪ್ಪ ಅದನ್ನ ಒಂದೇ ಒಂದ್ಸಲ ಮರೆತ."

*

ಅದು ಕೆಲವು ವರ್ಷಗಳ ಹಿಂದೆ. ಆ ವರ್ಷ ಕಾಫಿ ಹಣ್ಣು ಬೇಗ ಬಂದಿತ್ತು. ತೋಟದಿಂದ ಮೇಲಿಂದ ಮೇಲೆ ಹೇಳಿಕಳಿಸುತ್ತಿದ್ದರು. ಸಿರಿಯಾಕೊ ಸಂಜೆ ಚೆಂಡಾಟದ ಬಯಲು ದಾಟುತ್ತಿದ್ದಾಗ ತೊಮಾಸಾಳ ಹಿರಿಮಗ ಹಸಿಂತೊ ಓಡಿಬಂದ.

"ಮಾವಾ, ನಾನೂ ಬರ್ತೀನಿ, ಸೇರಿಸ್ಕೊ."

"ನಿಮ್ಮವ್ವಂಗೆ ಗೊತ್ತೇನೋ?"

"ಗೊತ್ತು."

ಸಿರಿಯಾಕೊ ಏರಿನ ಮೇಲಿನ ಮನೆಯತ್ತ ನೋಡಿದ. ಹಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಕತ್ತಲಾಗುವುದರೊಳಗೆ ಇನ್ನೂ ಕೆಲವು ಮನೆ ಮುಟ್ಟಬೇಕಿತ್ತು. "ಸರಿ, ಬಾ," ಎಂದ.

ಲಾರಿ ಹೊರಟುಹೋದ ಮೇಲೆಯೇ ತಾಯಿಗೆ ತಿಳಿದದ್ದು. ತೋಟದಲ್ಲಿ ಮಳೆ ಹಿಡಿಯಿತು. ಹುಡುಗನ ಎದೆ ಕಟ್ಟಿತು. ಅದೇ ಲಾರಿಯಲ್ಲಿ ಹೆಣ ತಂದಿಳಿಸಿದಾಗ ತೊಮಾಸಾ ಅಳಲಿಲ್ಲ. ಸಿರಿಯಾಕೊನಿಗೆ ಹೇಳಿದಳು:

"ಬಿಸಿಲಲ್ಲಿ ಕುಣೀತಾನೆ, ತೊಯ್ದ್ರೆ ಉಸಿರು ಸಿಗಲ್ಲ ಅವನಿಗೆ. ಹುಟ್ಟಿದಾಗಿಂದ ಹಂಗೆ. ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ಎಲ್ಲಾರ ಮನೇಲೂ ಕೂತು ಕೇಳ್ತೀಯ ನೀನು."

ಆಮೇಲೆ ಸಿರಿಯಾಕೊ ಪ್ರತಿ ಕೊಯ್ಲಿಗೆ ಮೊದಲು ಆ ಏರು ಹತ್ತಿ ಅವಳ ಅಂಗಳದಲ್ಲಿ ಟೋಪಿ ತೆಗೆದು ನಿಲ್ಲುತ್ತಿದ್ದ. ಯಾರನ್ನೂ ಕಳಿಸೆಂದು ಕೇಳುತ್ತಿರಲಿಲ್ಲ. ಕುರ್ಚಿ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಇಳಿದುಬರುತ್ತಿದ್ದ.

"ಯಾಕಪ್ಪಾ ಹೋಗ್ತೀಯ, ಅವಳು ಕರೆಯಲ್ಲ," ಎಂದು ರುತಿಲಿಯಾ ಒಮ್ಮೆ ಕೇಳಿದ್ದಳು.

"ಕರೆಯೋದು ಬಿಡೋದು ಅವಳದು. ನಿಲ್ಲೋದು ನಂದು."

*

ಏರಿನ ನಡುವೆ ಹೊತ್ತವರು ಹೆಗಲು ಬದಲಿಸಿದರು. ಹೂವಿನ ಚಕ್ರ ಹಿಡಿದು ಬಂದಿದ್ದ ತೋಟದ ಮೇಸ್ತ್ರಿ ಒತೋನಿಯೆಲ್, ಬೆವರೊರೆಸಿಕೊಳ್ಳುತ್ತಿದ್ದ ಮತೆಯೊನ ಬಳಿ ಸರಿದ.

"ಗಟ್ಟಿ ಇದ್ದೀಯಲ್ಲೋ. ಸೋಮವಾರ ಲಾರಿ ಬರ್ತದೆ. ಬರ್ತೀಯಾ?"

"ಬರ್ತೀನಿ."

ರುತಿಲಿಯಾ ತಿರುಗಿ ನಿಂತಳು. "ಒತೋನಿಯೆಲಣ್ಣ, ಅದನ್ನ ಇಲ್ಲಿ ಕೇಳಬಾರದು."

"ತಪ್ಪು ತಿಳೀಬೇಡಮ್ಮ. ಎಲ್ಲಾ ಒಂದೇ ಕಡೆ ಸಿಕ್ಕಿದಾರೆ ಅಂತ ಕೇಳ್ದೆ. ಮನೆಮನೆ ತಿರುಗೋಕೆ ಇನ್ನು ನಿಮ್ಮಪ್ಪ ಇಲ್ವಲ್ಲ. ನೀನು ಅವರ ಕೆಲಸ ಮುಂದುವರಿಸ್ತೀಯ ಅಂದ್ರೆ ದಣಿಗಳು ಬೇಡ ಅನ್ನಲ್ಲ. ಇವನಿಂದಲೇ ಶುರು ಮಾಡು. ಅವರವ್ವಂಗೆ ಆಮೇಲೆ ಹೇಳಿದ್ರಾಯ್ತು."

"ಆಮೇಲೆ ಹೇಳಿದ್ದು ಒಂದ್ಸಲಕ್ಕೇ ಸಾಕಾಗಿದೆ." ಅವಳು ಮತೆಯೊನತ್ತ ನೋಡಿದಳು. "ನೀನು ಅಂದದ್ದು ನನಗೆ ಕೇಳಿಸ್ಲಿಲ್ಲ ತಮ್ಮಾ. ಹೆಗಲು ಕೊಡು."

ತೊಮಾಸಾಳ ಬಾಗಿಲು ಮುಚ್ಚಿತ್ತು. ಅಂಗಳದಲ್ಲಿ ಕೋಳಿಗಳು ಬಿಟ್ಟರೆ ಏನೂ ಇರಲಿಲ್ಲ.

"ಮುಚ್ಚಿದ ಮನೆ ಮುಂದೆ ನಿಲ್ಲೋ ಪದ್ಧತಿ ಇಲ್ಲವ್ವ," ಎಂದ ಗಾಸ್ಪಾರ್ ಮೆಲ್ಲಗೆ. "ಹೊತ್ತವರ ಹೆಗಲು ಸೋಲ್ತಾವೆ."

"ಸ್ವಲ್ಪ ತಡಿ ಚಿಕ್ಕಪ್ಪಾ."

ರುತಿಲಿಯಾ ಅಪ್ಪನ ಟೋಪಿಯನ್ನು ಎದೆಗೆ ಹಿಡಿದು ಅಂಗಳದೊಳಕ್ಕೆ ಹೋದಳು. ಅವನು ನಿಲ್ಲುತ್ತಿದ್ದಲ್ಲಿ ನಿಂತಳು. ಕರೆಯಲಿಲ್ಲ. ಮತೆಯೊನೂ ಅವ್ವನನ್ನು ಕೂಗಲಿಲ್ಲ. ಹೊತ್ತವರ ಏದುಸಿರು ಕೇಳುತ್ತಿತ್ತು. ಒತೋನಿಯೆಲ್ ತನ್ನ ಟೋಪಿ ತೆಗೆದ.

ಬಾಗಿಲು ತೆರೆಯಿತು. ತೊಮಾಸಾ ರುತಿಲಿಯಾಳನ್ನು ನೋಡಿದಳು, ಅವಳ ಕೈಯ ಟೋಪಿಯನ್ನು ನೋಡಿದಳು. ಒಳಗೆ ಹೋಗಿ ಒಂದು ಕುರ್ಚಿ ತಂದು ಅಂಗಳದ ನಡುವೆ ಇಟ್ಟಳು.

ಯಾರೂ ಮಿಸುಕಲಿಲ್ಲ. ಒಂದು ಕುರ್ಚಿಯ ಮೇಲೆ ಪೆಟ್ಟಿಗೆ ನಿಲ್ಲುವುದಿಲ್ಲ. ಅವಳಿಗೂ ಅದು ಆಗ ಹೊಳೆದಂತಿತ್ತು. ಹೆಗಲುಗಳ ಮೇಲಿದ್ದ ಪೆಟ್ಟಿಗೆಯ ಉದ್ದವನ್ನು ಒಮ್ಮೆ ನೋಡಿ ಮತ್ತೆ ಒಳಗೆ ಹೋದಳು. ಏನೋ ಎಳೆಯುವ ಸದ್ದಾಯಿತು. ಅವಳು ತಂದಿಟ್ಟ ಎರಡನೆಯ ಕುರ್ಚಿ ಹಳೆಯದು, ಅದರ ಒಂದು ಕಾಲು ಮೋಟು. ಅವಳು ಬಗ್ಗಿ ಅದರಡಿಗೆ ಹಂಚಿನ ಚೂರೊಂದನ್ನು ತುರುಕಿದಳು. ಅಂಗೈಯಿಂದ ಒತ್ತಿ, ಅಲ್ಲಾಡುತ್ತದೆಯೇ ಎಂದು ನೋಡಿದಳು, ಇನ್ನೊಮ್ಮೆ ಒತ್ತಿದಳು.